ಕಾಡು ಹೋದರೆ ಹಳ್ಳದ ನೀರು ಜಾಸ್ತಿಯೋ ಕಡಿಮೆಯೋ? ಮಲೆನಾಡಿನವರ ಒಂದು ಚರ್ಚೆ

ಹೊಸನಗರ ತೋಟಿಗ:

ಪ್ರತಿ ಬೇಸಿಗೆ ನಮ್ಮಲ್ಲಿ ಇದೇ ಜಗಳ. ಕಾಡು ಕಡಿದರು, ಅದಕ್ಕೇ ನೀರಿಲ್ಲ ಅಂತ ಒಬ್ಬರು. ಮಳೆಗಾಲದಲ್ಲಿ ಹೊಳೆ ಉಕ್ಕಿ ಹರಿಯುತ್ತಿದೆಯಲ್ಲ, ನೀರು ಎಲ್ಲಿ ಕಡಿಮೆ ಆಯಿತು ಅಂತ ಇನ್ನೊಬ್ಬರು. ಇಬ್ಬರೂ ಕಣ್ಣಾರೆ ಕಂಡದ್ದನ್ನೇ ಹೇಳುತ್ತಾರೆ. ಒಬ್ಬರು ಏಪ್ರಿಲ್ ಮಾತಾಡುತ್ತಾರೆ, ಇನ್ನೊಬ್ಬರು ಜುಲೈ ಮಾತಾಡುತ್ತಾರೆ, ಅಷ್ಟೇ ವ್ಯತ್ಯಾಸ.

ನಮ್ಮ ಕಡೆ ಎಷ್ಟೋ ಮನೆಗಳಿಗೆ ಗುಡ್ಡದ ಅಬ್ಬಿ ನೀರೇ, ಅಂದರೆ ಒರತೆಯಿಂದ ತಾನಾಗಿ ಇಳಿದು ಬರುವ ನೀರೇ ಗತಿ. ಹಿಂದೆ ಸೀಳಿದ ಅಡಿಕೆ ಮರದ ದಂಬೆಯಲ್ಲಿ ಬರುತ್ತಿತ್ತು, ಈಗ ಪೈಪಿನಲ್ಲಿ ಬರುತ್ತದೆ. ಯುಗಾದಿ ದಾಟಿದರೂ ಹರಿಯುತ್ತಿದ್ದ ಅಬ್ಬಿ ಈಗ ಶಿವರಾತ್ರಿ ಹೊತ್ತಿಗೇ ನೂಲಿನಷ್ಟಾಗುತ್ತದೆ. ಅದೇ ಹಳ್ಳ ಆರಿದ್ರಾ ಮಳೆಗೆ ಕೆಂಪಗೆ ಉಕ್ಕಿ ಸಂಕದ (ಕಾಲುಸೇತುವೆಯ) ಮೇಲೇ ಹರಿಯುತ್ತದೆ. ಹಿರಿಯರು ಆ ಸಂಕವನ್ನು ಸುಮ್ನೆ ಅಷ್ಟು ಎತ್ತರಕ್ಕೆ ಹಾಕಿರಲಿಲ್ಲ, ತಾವು ಕಂಡ ದೊಡ್ಡ ನೆರೆಯನ್ನು ನೋಡಿಯೇ ಹಾಕಿದ್ದರು. ಈ ನಡುವೆ ಮೇಲಿನ ಗುಡ್ಡದಲ್ಲಿ ಒಂದು ಭಾಗ ಅಕೇಶಿಯಾ ಆಯಿತು, ಒಂದು ಭಾಗ ಶುಂಠಿಗೆ ಹೋಯಿತು, ನಡುವೆ ಜೆಸಿಬಿ ರಸ್ತೆ ಬಂತು.

ನನ್ನ ವಾದ ಇದು. ಕಾಡು ಹೋದರೆ ವರ್ಷದ ಒಟ್ಟು ನೀರು ಕಡಿಮೆ ಆಗಲೇಬೇಕು ಅಂತಿಲ್ಲ, ಜಾಸ್ತಿಯೇ ಹರಿದು ಹೋಗಬಹುದು. ಕೆಡುವುದು ನೀರು ಬರುವ ಹೊತ್ತು. ಬೇಡದ ದಿನ ಎಲ್ಲ ಒಟ್ಟಿಗೆ ಬರುತ್ತದೆ, ಬೇಕಾದ ದಿನ ಇರುವುದಿಲ್ಲ. ತಿಳಿದವರು ಬರೆಯಿರಿ, ಒಪ್ಪದವರೂ ಬರೆಯಿರಿ.

ಭದ್ರಾವತಿಯಿಂದ:

ನಾನು ಒಪ್ಪದವರ ಕಡೆ. ಬೇಜಾರು ಮಾಡಿಕೊಳ್ಳಬೇಡಿ, ನಿಜವಾಗಿಯೂ ಅನುಮಾನ ಇದೆ. ಮರ ಅಂದರೆ ನೀರು ಕುಡಿಯುವ ಜೀವ. ಮರ ಜಾಸ್ತಿ ಇದ್ದರೆ ನೀರು ಉಳಿಯುತ್ತದೆ ಅನ್ನುವುದು ಹೇಗೆ? ಇನ್ನೊಂದು, ಆಗುಂಬೆ, ಹುಲಿಕಲ್ ಕಡೆ ಇವತ್ತಿಗೂ ದಟ್ಟ ಕಾಡಿದೆ, ಆದರೂ ಜುಲೈನಲ್ಲಿ ಮಾಲತಿ ನದಿ ಉಕ್ಕುತ್ತದೆ. ಹಾಗಿದ್ದ ಮೇಲೆ ಕಾಡು ನೆರೆ ತಡೆಯುತ್ತದೆ ಅನ್ನುವ ಮಾತಿಗೆ ಏನರ್ಥ? ಲಿಂಗನಮಕ್ಕಿ 151 ಟಿಎಂಸಿ ಹಿಡಿಯುವ ಜಲಾಶಯ. ಒಳ್ಳೆ ಮಳೆ ಆದ ವರ್ಷ ಈಗಲೂ ತುಂಬುತ್ತದೆ ಅಲ್ವಾ?

ಜಲಲೆಕ್ಕ:

ಭದ್ರಾವತಿಯವರ ಪ್ರಶ್ನೆ ಸರಿಯಾಗಿದೆ. ನೀರಿನ ಲೆಕ್ಕ ಕಲಿಸುವುದೇ ನನ್ನ ಕೆಲಸ. ಸ್ವಲ್ಪ ಉದ್ದ ಆಗುತ್ತದೆ, ಓದಿ.

ಮರ ನೀರು ಕುಡಿಯುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಹಬ್ಬರ್ಡ್ ಬ್ರೂಕ್ ಅಂತ ಒಂದು ಸಂಶೋಧನಾ ಕಾಡಿದೆ. ಅಲ್ಲಿ 1965ರ ಕೊನೆಯಲ್ಲಿ ಒಂದು ಚಿಕ್ಕ ಕಣಿವೆಯ ಮರಗಳನ್ನೆಲ್ಲ ಕಡಿದು, ಮತ್ತೆ ಚಿಗುರದ ಹಾಗೆ ಔಷಧಿ ಹೊಡೆದು, ಹಳ್ಳದ ನೀರನ್ನು ಅಳೆದರು. ಮರುವರ್ಷ ನೀರು ಸುಮಾರು 40 ಪ್ರತಿಶತ ಜಾಸ್ತಿ ಹರಿಯಿತು. ಅಂದರೆ ಮರ ಕಡಿದರೆ ಹಳ್ಳಕ್ಕೆ ನೀರು ಜಾಸ್ತಿ ಅನ್ನುವುದಕ್ಕೆ ಪುರಾವೆ ಇದೆ. ಆದರೆ ಅಲ್ಲಿ ಏನು ಮಾಡಲಿಲ್ಲ ಅನ್ನುವುದನ್ನೂ ನೋಡಬೇಕು. ಕಡಿದ ಮರವನ್ನು ಎಳೆದು ತರಲಿಲ್ಲ, ಬಿದ್ದಲ್ಲೇ ಬಿಟ್ಟರು. ರಸ್ತೆ ಮಾಡಲಿಲ್ಲ. ದನ ಮೇಯಲಿಲ್ಲ, ಉಳುಮೆ ಆಗಲಿಲ್ಲ. ನೆಲ ಮೊದಲಿನ ಹಾಗೇ ಇತ್ತು, ಮಳೆ ಒಳಗೆ ಇಂಗುವುದಕ್ಕೆ ಅಡ್ಡಿ ಇರಲಿಲ್ಲ.

ನಮ್ಮಲ್ಲಿ ಮರದ ಜೊತೆ ನೆಲವೂ ಹೋಗುತ್ತದೆ. ಕಾಡಿನ ನೆಲದಲ್ಲಿ ಮೇಲೆ ತರಗೆಲೆ, ಅದರ ಕೆಳಗೆ ಅರ್ಧ ಕೊಳೆತ ಎಲೆ, ಅದರ ಕೆಳಗೆ ಕಪ್ಪು ಮಣ್ಣು. ಬೇರು ಸತ್ತು ಉಳಿದ ಕೊಳವೆಗಳು, ಗೆದ್ದಲಿನ ದಾರಿಗಳು, ಎರೆಹುಳದ ತೂತುಗಳು ಒಳಗೆ ಇರುತ್ತವೆ. ಮಳೆ ಎಷ್ಟು ಜೋರು ಹೊಡೆದರೂ ಹನಿಯ ಪೆಟ್ಟು ಮೊದಲು ಎಲೆಗೆ ಬೀಳುತ್ತದೆ, ಆಮೇಲೆ ನೀರು ತೂತು ಹುಡುಕಿ ಇಳಿಯುತ್ತದೆ. ತರಗು ಗುಡಿಸಿ ಒಯ್ದು, ಬೆಂಕಿ ಬಿದ್ದು, ದನ ತುಳಿದು, ಲಾರಿ ಓಡಾಡಿದ ಮೇಲೆ ಆ ತೂತುಗಳು ಮುಚ್ಚುತ್ತವೆ. ಹನಿ ನೇರ ಮಣ್ಣಿಗೆ ಬಿದ್ದು ಸಣ್ಣ ಕಣ ಎಬ್ಬಿಸುತ್ತದೆ, ಆ ಕಣ ಉಳಿದ ತೂತನ್ನೂ ಮುಚ್ಚುತ್ತದೆ. ಕೆಳಗೆ ಜಂಬಿಟ್ಟಿಗೆ (ಕೆಂಪು ಮುರಕಲ್ಲು) ಇದ್ದರೆ ಇನ್ನೂ ಕಷ್ಟ, ಮೇಲಿನ ಮಣ್ಣು ತೊಳೆದು ಹೋಗಿ ಅದು ಬಿಸಿಲಿಗೆ ತೆರೆದುಕೊಂಡರೆ ಗಟ್ಟಿ ಆಗುತ್ತದೆ.

ಈಗ ಲೆಕ್ಕ ನೋಡಿ. ಒಂದು ಎಕರೆ ಮೇಲೆ 100 ಮಿ.ಮೀ. ಮಳೆ ಬಿದ್ದರೆ 4 ಲಕ್ಷ ಲೀಟರ್ ನೀರು. ನಮ್ಮ ಘಟ್ಟದ ಕಡೆ ಆಷಾಢದಲ್ಲಿ ಅದು ಒಂದು ದಿನದ ಮಳೆ, ದೊಡ್ಡ ವಿಷಯವೇ ಅಲ್ಲ. ಅದರಲ್ಲಿ ಎಷ್ಟು ಅಂದೇ ಹಳ್ಳಕ್ಕೆ ಓಡುತ್ತದೆ, ಎಷ್ಟು ಮಣ್ಣೊಳಗೆ ಇಳಿದು ತಿಂಗಳುಗಟ್ಟಲೆ ನಿಧಾನವಾಗಿ ಒರತೆಯಲ್ಲಿ ಬರುತ್ತದೆ ಅನ್ನುವುದನ್ನು ನೆಲದ ಬಾಯಿ ತೀರ್ಮಾನ ಮಾಡುತ್ತದೆ. ಕಾಡು ಕುಡಿಯುವ ನೀರಿಗಿಂತ ಅದರ ನೆಲ ಇಂಗಿಸುವ ನೀರು ಜಾಸ್ತಿ ಆದರೆ ಬೇಸಿಗೆಯ ಹಳ್ಳಕ್ಕೆ ಲಾಭ. ಮರ ಹೋಗಿ ನೆಲವೂ ಕೆಟ್ಟರೆ ಕುಡಿಯುವವರು ಕಡಿಮೆ ಆದರು, ನಿಜ, ಆದರೆ ಇಂಗುವುದು ಅದಕ್ಕಿಂತ ಜಾಸ್ತಿ ಕಡಿಮೆ ಆಯಿತು. ಹಾಗಾಗಿ ವರ್ಷದ ಒಟ್ಟು ಜಾಸ್ತಿ ಆಗಿಯೂ ಬೇಸಿಗೆಯ ನೀರು ಕಡಿಮೆ ಆಗಬಹುದು. ಲಿಂಗನಮಕ್ಕಿ ತುಂಬುವುದಕ್ಕೆ ಇದೇ ಉತ್ತರ. ಜಲಾಶಯಕ್ಕೆ ಬೇಕಾದದ್ದು ಮಳೆಗಾಲದ ಓಟದ ನೀರು. ಅದು ತುಂಬಿತು ಅಂದ ಮಾತ್ರಕ್ಕೆ ಮೇಲಿನ ಊರಿನ ಅಬ್ಬಿಯ ಕಥೆ ಗೊತ್ತಾಗುವುದಿಲ್ಲ.

ಆಗುಂಬೆ ವಿಷಯ ನೀವು ಹೇಳಿದ್ದೇ ಸರಿ. ವಾರಗಟ್ಟಲೆ ಬಿಡದೆ ಸುರಿದು ಮಣ್ಣು ತುಂಬಿದ ಮೇಲೆ ಕಾಡಾದರೂ ಅಷ್ಟೇ, ಬಯಲಾದರೂ ಅಷ್ಟೇ, ಬಿದ್ದ ನೀರು ಹೊರಗೆ ಬರುತ್ತದೆ. ಕಾಡು ಸಣ್ಣ ಮತ್ತು ಮಧ್ಯಮ ನೆರೆಯನ್ನು ಚೆನ್ನಾಗಿ ತಗ್ಗಿಸುತ್ತದೆ. ಭಾರಿ ನೆರೆಯನ್ನು ಪೂರ್ತಿ ತಡೆಯುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಭದ್ರಾವತಿಯಿಂದ:

ಜಲಾಶಯದ ಮಾತು ಒಪ್ಪಿದೆ. ಆದರೆ ಅಮೆರಿಕದ ಲೆಕ್ಕ ಬೇಡ, ನಮ್ಮ ಕಡೆಯದೇ ಏನಾದರೂ ಇದ್ದರೆ ಹೇಳಿ.

ಜಲಲೆಕ್ಕ:

ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ನಮ್ಮ ಶರಾವತಿ ಕಣಿವೆಯ ಹಳ್ಳಗಳನ್ನೇ ನೋಡಿದ್ದಾರೆ. ಜಲಾನಯನದಲ್ಲಿ, ಅಂದರೆ ಹಳ್ಳಕ್ಕೆ ನೀರು ಬಂದು ಸೇರುವ ಜಾಗದಲ್ಲಿ, ಅಲ್ಲಿನದೇ ಸಹಜ ಸಸ್ಯಸಂಪತ್ತು 60 ಪ್ರತಿಶತಕ್ಕಿಂತ ಜಾಸ್ತಿ ಉಳಿದಿದ್ದರೆ ಹಳ್ಳ ವರ್ಷಪೂರ್ತಿ ಹರಿಯುತ್ತದೆ, ಅದು ತೀರಾ ಕಡಿಮೆ ಆದಲ್ಲಿ ಮಳೆಗಾಲದ ಹಳ್ಳ ಆಗಿಬಿಡುತ್ತದೆ ಅನ್ನುವುದು ಅವರು ಕಂಡದ್ದು. ಪಕ್ಕದ ಉತ್ತರ ಕನ್ನಡದಲ್ಲಿ ಕಾಡು, ಅಕೇಶಿಯಾ ನೆಡುತೋಪು, ಹಾಳುಬಿದ್ದ ಗುಡ್ಡ ಈ ಮೂರರ ಹಳ್ಳಗಳನ್ನು ಹೋಲಿಸಿದ ಅಧ್ಯಯನಗಳೂ ಇವೆ. ನೀರು ಇಂಗಿಸುವುದರಲ್ಲಿ ಕಾಡು ಮುಂದೆ, ಹಾಳು ಗುಡ್ಡ ಕೊನೆ, ಅಕೇಶಿಯಾ ನಡುವೆ.

ಸೊರಬದ ಕಾನಿನವರು:

ಅಕೇಶಿಯಾ ನಡುವೆ ಅಂದಿರಲ್ಲ, ಅದನ್ನು ಬಿಡಿಸಿ ಹೇಳಬೇಕು. ಇಲ್ಲಾಂದರೆ ನಾಳೆ ಯಾರಾದರೂ ಇದನ್ನೇ ಹಿಡಿದು ಅಕೇಶಿಯಾ ಒಳ್ಳೆಯದು ಅನ್ನುತ್ತಾರೆ. ನಮ್ಮ ಜಿಲ್ಲೆಯಲ್ಲಿ 1980ರಲ್ಲಿ ಮೈಸೂರು ಕಾಗದ ಕಾರ್ಖಾನೆಗೆ ಸಾವಿರಾರು ಹೆಕ್ಟೇರ್ ಅರಣ್ಯ ಭೂಮಿ 40 ವರ್ಷದ ಗುತ್ತಿಗೆಗೆ ಹೋಯಿತು. ಅಲ್ಲಿ ಬಂದದ್ದು ಅಕೇಶಿಯಾ ಮತ್ತು ನೀಲಗಿರಿ. 2020ಕ್ಕೆ ಗುತ್ತಿಗೆ ಮುಗಿದು ಮತ್ತೆ ಮುಂದುವರಿಸುವ ಮಾತು ಬಂದಾಗಲೇ ಊರೂರಲ್ಲಿ ಜನ ಅಕೇಶಿಯಾ ಬೇಡ ಅಂತ ಎದ್ದು ನಿಂತದ್ದು. ನಮ್ಮ ಕಡೆ ಮಳೆ ಘಟ್ಟದಷ್ಟು ಇಲ್ಲ, ಇರುವ ನೀರು ಕಾನಿನ, ಅಂದರೆ ಹಳೇ ನಿತ್ಯಹಸಿರು ಕಾಡಿನ ಪುಣ್ಯದಿಂದ ಇದೆ. ಕಾನಿನ ಒರತೆಯ ಮೇಲೆ ಕೆರೆ, ಕೆರೆಯ ಕೆಳಗೆ ಗದ್ದೆ. ಹಿರಿಯರು ಊರು ಕಟ್ಟಿದ್ದೇ ಆ ಲೆಕ್ಕದಲ್ಲಿ. ಕಾನಿಗೆ ಕೈ ಹಾಕಿದರೆ ಕೆರೆಗೆ ಕೈ ಹಾಕಿದ ಹಾಗೆ.

ಜಲಲೆಕ್ಕ:

ಬಿಡಿಸಿ ಹೇಳುತ್ತೇನೆ. ಪೂರ್ತಿ ಬೋಳಾಗಿ, ಕಲ್ಲು ತೆರೆದುಕೊಂಡ ಗುಡ್ಡದ ಜೊತೆ ಹೋಲಿಸಿದರೆ ಮಾತ್ರ ಅಕೇಶಿಯಾ ಕೆಳಗಿನ ನೆಲ ಸ್ವಲ್ಪ ಸುಧಾರಿಸುತ್ತದೆ. ಆದರೆ ಅದು ಬೇಗ ಬೆಳೆಯುವ ಮರ, ವರ್ಷಪೂರ್ತಿ ಹಸಿರು, ಇಂಗಿದ ನೀರಲ್ಲಿ ದೊಡ್ಡ ಪಾಲು ತಾನೇ ಎಳೆದುಕೊಳ್ಳುತ್ತದೆ. ಹಾಗಾಗಿ ಒರತೆಗೆ ಉಳಿಯುವುದು ಕಡಿಮೆ. ಸಹಜ ಕಾಡು ತೆಗೆದು ಅಕೇಶಿಯಾ ಹಾಕಿದರೆ ಎರಡೂ ಕಡೆ ನಷ್ಟ. ಆಮೇಲೆ ಅದು ಕಟಾವಿಗೆಂದೇ ಬೆಳೆಸುವ ಮರ. ಕೆಲವು ವರ್ಷಕ್ಕೊಮ್ಮೆ ಒಟ್ಟಿಗೆ ಬೋಳಿಸಿ, ಲಾರಿ ಓಡಿಸಿ, ಬೆಂಕಿ ಹಾಕಿ ಮತ್ತೆ ನೆಡುತ್ತಾರೆ. ಪ್ರತಿ ಸುತ್ತಿನಲ್ಲೂ ಒಂದೆರಡು ಮಳೆಗಾಲ ನೆಲ ಬರಿದಾಗಿಯೇ ಇರುತ್ತದೆ.

ಹುಲ್ಲುಗಾವಲಿನ ವಿಷಯ ಇದಕ್ಕಿಂತ ಸ್ಪಷ್ಟ. ನೀಲಗಿರಿ ಬೆಟ್ಟದ ಗ್ಲೆನ್‌ಮಾರ್ಗನ್‌ನಲ್ಲಿ ಶೋಲಾ (ಬೆಟ್ಟದ ಕಣಿವೆಯ ಗಿಡ್ಡ ಕಾಡು) ಮತ್ತು ಹುಲ್ಲು ಇದ್ದ ಎರಡು ಚಿಕ್ಕ ಜಲಾನಯನ ಆಯ್ದು, ಒಂದರ ಹುಲ್ಲಿನಲ್ಲಿ ನೀಲಗಿರಿ ಮರ ನೆಟ್ಟು, ಇನ್ನೊಂದನ್ನು ಹಾಗೇ ಬಿಟ್ಟು ಅಳೆದರು. ಮೊದಲ ಹತ್ತು ವರ್ಷದಲ್ಲೇ ನೀರು 16 ಪ್ರತಿಶತ ಕಡಿಮೆ ಆಯಿತು, ಬೇಸಿಗೆಯ ಹರಿವೂ ಇಳಿಯಿತು. ತುಂಗೆ, ಭದ್ರೆ ಹುಟ್ಟುವ ಗಂಗಾಮೂಲದ ಕಡೆ ಇರುವುದೂ ಇಂಥದೇ ಹುಲ್ಲು ಮತ್ತು ಶೋಲಾ. ಹುಲ್ಲುಗುಡ್ಡ ಖಾಲಿ ಇದೆ ಅಂತ ಗಿಡ ನೆಡಲು ಹೊರಡುವವರು ಇದನ್ನು ದಯವಿಟ್ಟು ಓದಬೇಕು.

ಮಾಲತಿ ಹೊಳೆಯ ಅಕ್ಕ:

ನೀವೆಲ್ಲ ಗುಡ್ಡದ ಮೇಲಿನ ಮಾತೇ ಆಡುತ್ತಿದ್ದೀರಿ. ಕೆಳಗೆ ಗದ್ದೆಯಲ್ಲಿ ಏನಾಯಿತು ಅಂತ ಯಾರೂ ಹೇಳಲಿಲ್ಲ. ತೀರ್ಥಹಳ್ಳಿ ಕಡೆ ನಮ್ಮ ಬೈಲಿನಲ್ಲಿ ಈಗ ಭತ್ತ ಮಾಡುವವರು ಬೆರಳೆಣಿಕೆ. ಕೂಲಿಗೆ ಜನ ಸಿಗುವುದಿಲ್ಲ, ಭತ್ತಕ್ಕೆ ಬೆಲೆ ಇಲ್ಲ, ಕಾಡುಹಂದಿ ಬಿಡುವುದಿಲ್ಲ. ಎಲ್ಲ ಅಡಿಕೆ ಹಾಕಿದರು. ಅವರ ಮೇಲೆ ತಪ್ಪು ಹೊರಿಸುವುದಿಲ್ಲ, ನಮ್ಮ ಮನೆಯಲ್ಲೂ ಅರ್ಧ ಗದ್ದೆ ತೋಟ ಆಗಿದೆ. ಆದರೆ ನೀರಿನ ಕಣ್ಣಿಂದ ನೋಡಿ. ಗದ್ದೆಯ ಕೆಲಸ ನೀರು ನಿಲ್ಲಿಸುವುದು, ತೋಟದ ಕೆಲಸ ನೀರು ಓಡಿಸುವುದು. ಅಡಿಕೆ ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ, ಅದಕ್ಕೆ ಸಾಲು ಸಾಲಿಗೆ ಬಸಿಗಾಲುವೆ ತೆಗೆದು ನೇರ ಹಳ್ಳಕ್ಕೆ ಬಿಡುತ್ತೇವೆ.

ಗದ್ದೆಯ ಅಂಚು ಅರ್ಧ ಅಡಿ ಎತ್ತರ ಅಂತ ಇಟ್ಟುಕೊಳ್ಳಿ. ಮೇಲೆ ಲೆಕ್ಕ ಹೇಳಿದವರು ಎಕರೆಗೆ ಎಷ್ಟು ನೀರು ನಿಲ್ಲುತ್ತದೆ ಅಂತ ಹೇಳಬಹುದಾ?

ಜಲಲೆಕ್ಕ:

ಅಕ್ಕಾ, ಅರ್ಧ ಅಡಿ ಅಂದರೆ 15 ಸೆಂ.ಮೀ. ಎಕರೆಗೆ ಸುಮಾರು 6 ಲಕ್ಷ ಲೀಟರ್. ಗದ್ದೆಯಲ್ಲಿ ಮೊದಲೇ ನೀರು ಇರುತ್ತದೆ, ಹಾಗಾಗಿ ಒಂದೇ ಮಳೆಗೆ ಅಷ್ಟೂ ಹಿಡಿಯುವುದಿಲ್ಲ. ಆದರೂ ಒಂದು ಬೈಲಿನ ಗದ್ದೆಗಳೆಲ್ಲ ಸೇರಿದರೆ ಅದು ಒಂದು ಕೆರೆಯೇ. ಮೇಲಿನ ಗದ್ದೆಯಿಂದ ಕೆಳಗಿನ ಗದ್ದೆಗೆ ಇಳಿಯುತ್ತಾ ಹೋಗುವಾಗ ನೀರಿನ ವೇಗವೂ ಇಳಿಯುತ್ತದೆ, ಮಣ್ಣೂ ಅಲ್ಲೇ ಕೂರುತ್ತದೆ. ನಾನು ಇಷ್ಟು ಬರೆದು ಇದನ್ನು ಬಿಟ್ಟಿದ್ದೆ, ನೀವು ತಂದದ್ದು ತುಂಬ ಒಳ್ಳೆಯದಾಯಿತು.

ಹೊಸನಗರ ತೋಟಿಗ:

ಅಕ್ಕ ಹೇಳಿದ್ದು ನನ್ನ ಮನಸ್ಸಿಗೆ ತಾಗಿತು. ಶುಂಠಿ ಬಗ್ಗೆಯೂ ಹೇಳಿಬಿಡುತ್ತೇನೆ. ಏಪ್ರಿಲ್, ಮೇನಲ್ಲಿ ಬಿತ್ತನೆ. ಅಂದರೆ ಮುಂಗಾರು ಬರುವ ಹೊತ್ತಿಗೆ ಮಣ್ಣು ಆಗಷ್ಟೇ ಅಗೆದು ಸಡಿಲ ಆಗಿರುತ್ತದೆ. ಪಟ್ಟೆಯ ಮೇಲೆ ಸೊಪ್ಪು ಮುಚ್ಚುತ್ತಾರೆ, ಅಷ್ಟರ ಮಟ್ಟಿಗೆ ಸರಿ, ಆದರೆ ನೀರು ನಿಲ್ಲಬಾರದು ಅಂತ ಪಟ್ಟೆಗಳ ನಡುವಿನ ಕಾಲುವೆಯನ್ನು ಇಳಿಜಾರಿನ ದಿಕ್ಕಿಗೇ ತೆಗೆಯುತ್ತಾರೆ. ಆ ಕಾಲುವೆಯಲ್ಲಿ ಮಣ್ಣು ಸಮೇತ ನೀರು ಇಳಿಯುವುದನ್ನು ನಿಂತು ನೋಡಬೇಕು, ಕರುಳು ಚುರ್ ಅನ್ನುತ್ತದೆ. ಕೊಳೆ ರೋಗದ ಭಯಕ್ಕೆ ಮರುವರ್ಷ ಅದೇ ಜಾಗದಲ್ಲಿ ಹಾಕುವುದಿಲ್ಲ, ಗುತ್ತಿಗೆಗೆ ಬೇರೆ ಗುಡ್ಡ ಹುಡುಕುತ್ತಾರೆ. ಹಾಗೆ ಒಂದೊಂದೇ ಗುಡ್ಡ ಸಡಿಲ ಆಗುತ್ತಾ ಬಂತು.

ಶಿವಮೊಗ್ಗ ಪೇಟೆಯವಳು:

ಪೇಟೆಯವರಿಗೂ ಇದು ಸಂಬಂಧಿಸಿದ್ದು. ಕೋರ್ಪಲಯ್ಯನ ಛತ್ರದ ಹತ್ತಿರ ತುಂಗೆಯಲ್ಲಿ ಮಂಟಪ ಮುಳುಗಿತಾ ಅಂತ ನೋಡಲು ಮಳೆಗಾಲದಲ್ಲಿ ಊರಿಗೆ ಊರೇ ಹೋಗುತ್ತದೆ. ಮೇಲೆ ಗಾಜನೂರು ಅಣೆಕಟ್ಟು ಇದ್ದರೂ ಅದು 3.24 ಟಿಎಂಸಿಯ ಚಿಕ್ಕದು, ಜೋರು ಮಳೆಯ ನೀರನ್ನು ಹಿಡಿದಿಡುವ ಶಕ್ತಿ ಅದಕ್ಕಿಲ್ಲ, ಬಂದದ್ದನ್ನು ಬಿಡಲೇಬೇಕು. ತೀರ್ಥಹಳ್ಳಿ, ಶೃಂಗೇರಿ ಕಡೆ ನೆಲ ಬದಲಾದರೆ ಅದರ ಪೆಟ್ಟು ನಮ್ಮ ಹೊಳೆದಂಡೆಯ ಮನೆಗಳಿಗೆ.

ನಮ್ಮದೂ ಪಾಲಿದೆ. 30x40 ಅಡಿಯ ಸೈಟಿನಲ್ಲಿ ಅಂಚಿನಿಂದ ಅಂಚಿಗೆ ಮನೆ ಕಟ್ಟಿ, ಉಳಿದ ಜಾಗಕ್ಕೂ ಕಾಂಕ್ರೀಟ್ ಹಾಕಿದರೆ 50 ಮಿ.ಮೀ. ಮಳೆಗೆ ಒಂದೇ ಸೈಟಿನಿಂದ 5,500 ಲೀಟರ್ ರಸ್ತೆಗೆ. ಒಂದು ಬಡಾವಣೆಯಲ್ಲಿ ಅಂಥ ಸೈಟು ಎಷ್ಟು? ಹಿಂದೆ ಅಲ್ಲಿ ಗದ್ದೆ ಇತ್ತು, ಕೆರೆ ಇತ್ತು. ಈಗ ಆ ನೀರೆಲ್ಲ ಒಂದೇ ರಾಜಕಾಲುವೆಗೆ ನುಗ್ಗಿ ತಗ್ಗಿನ ಬಡವರ ಮನೆಗೆ ಹೋಗುತ್ತದೆ. ನನಗೆ ಅತಿ ಜಾಸ್ತಿ ಸಂಕಟ ಆಗುವುದು ಇದಕ್ಕೆ.

ಭದ್ರಾವತಿಯಿಂದ:

ಇನ್ನೂ ಕೆಳಗೆ ಹೋದರೆ ಹೊಸಪೇಟೆಯ ತುಂಗಭದ್ರಾ ಜಲಾಶಯ. 1953ರಲ್ಲಿ ಸುಮಾರು 133 ಟಿಎಂಸಿ ಹಿಡಿಯುತ್ತಿತ್ತು, ಹೂಳು ತುಂಬಿ ಈಗ ಸುಮಾರು 105 ಟಿಎಂಸಿ. ಎಲ್ಲ ಹೂಳೂ ಮಲೆನಾಡಿನದಲ್ಲ, ದಾರಿಯ ಬಯಲುಸೀಮೆಯ ಹೊಲದ ಮಣ್ಣೂ ಇದೆ. ಆದರೂ ಕೆಂಪು ನೀರು ಹೋಗಿ ಎಲ್ಲೋ ಒಂದು ಕಡೆ ಕೂರಲೇಬೇಕಲ್ಲ. ಸರಿ, ನಾನು ನಿಮ್ಮ ಕಡೆಗೆ ಬಂದೆ ಅಂತಲೇ ಇಟ್ಟುಕೊಳ್ಳಿ. ಮಾಡುವುದೇನು? ಗುಡ್ಡದ ತುಂಬ ಇಂಗುಗುಂಡಿ ತೋಡಿಸೋಣ್ವಾ? ಉದ್ಯೋಗ ಖಾತ್ರಿಯಲ್ಲಿ ಆಗುತ್ತದೆ.

ಜಲಲೆಕ್ಕ:

ಇಲ್ಲಿ ಮಾತ್ರ ಕೈಮುಗಿದು ಕೇಳುತ್ತೇನೆ, ಕಡಿದಾದ ಗುಡ್ಡದಲ್ಲಿ ದಯವಿಟ್ಟು ಬೇಡ. ಕೋಲಾರ, ಚಿತ್ರದುರ್ಗದ ಕಡೆ ಒಳ್ಳೆಯದಾದದ್ದು ಘಟ್ಟದ ಇಳಿಜಾರಿಗೆ ಒಳ್ಳೆಯದಲ್ಲ. ಇಲ್ಲಿ ಮಣ್ಣು ಆಳ, ಮಳೆ ವಿಪರೀತ. ಉದ್ದಕ್ಕೆ ಅಗಳ ತೋಡಿ ನೀರು ನಿಲ್ಲಿಸಿದರೆ ಮಣ್ಣು ನೆನೆದು ಭಾರವಾಗಿ ಗುಡ್ಡವೇ ಜಾರಬಹುದು. ಅದರಲ್ಲೂ ಕೆಳಗೆ ಮನೆಗೋ ರಸ್ತೆಗೋ ಅಂತ ಜೆಸಿಬಿಯಲ್ಲಿ ನೆಟ್ಟಗೆ ಕಡಿದಿದ್ದರೆ ಅಪಾಯ ಇನ್ನೂ ಜಾಸ್ತಿ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದದ್ದು ನೆನಪಿದೆ ಅಲ್ವಾ? ಸಮತಟ್ಟು ಜಾಗ, ಕಡಿಮೆ ಇಳಿಜಾರಿನ ಬೋಳು ಜಾಗ, ಕೆರೆಯ ಮೇಲ್ಭಾಗ, ಅಲ್ಲಿ ಗುಂಡಿ ಸರಿ. ಕಡಿದಾದಲ್ಲಿ ನೆಲವನ್ನು ಮುಟ್ಟದೇ ಬಿಡುವುದೇ ಕೆಲಸ. ಬೆಂಕಿ ಬೀಳದ ಹಾಗೆ ನೋಡಿಕೊಂಡು, ತರಗು ಪೂರ್ತಿ ಗುಡಿಸದೆ ಬಿಟ್ಟರೆ ಬುಡದಲ್ಲಿ ಉಳಿದ ಸಹಜ ಗಿಡಗಳೇ ಏಳುತ್ತವೆ.

ಸೊರಬದ ಕಾನಿನವರು:

ಸೊಪ್ಪಿನಬೆಟ್ಟಕ್ಕೂ ಇದೇ ಮಾತು. ತೋಟಕ್ಕೆ ಸೊಪ್ಪು, ದರಗು ಬೇಕೇ ಬೇಕು, ಅದು ನಿಲ್ಲಿಸಿ ಅಂದರೆ ಯಾರೂ ಕೇಳುವುದಿಲ್ಲ. ಆದರೆ ಬೆಟ್ಟವನ್ನು ಭಾಗ ಮಾಡಿಕೊಂಡು ಒಂದು ವರ್ಷ ಒಂದು ಭಾಗಕ್ಕೆ ಬಿಡುವು ಕೊಡಬಹುದು. ಹಳ್ಳದ ಎರಡು ದಡದಲ್ಲಿ ಮಾತ್ರ ಸೊಪ್ಪು ಕಡಿಯುವುದೂ ಬೇಡ, ಗುಡಿಸುವುದೂ ಬೇಡ.

ಮಾಲತಿ ಹೊಳೆಯ ಅಕ್ಕ:

ತೋಟದವರಿಗೆ ನನ್ನದೊಂದು ಮಾತು. ಬಸಿಗಾಲುವೆಯನ್ನು ನೇರ ಹಳ್ಳಕ್ಕೆ ಬಿಡಬೇಡಿ. ಕೊನೆಯಲ್ಲಿ ಒಂದು ಗದ್ದೆಯನ್ನಾದರೂ ಗದ್ದೆಯಾಗೇ ಉಳಿಸಿ, ನೀರು ಅಲ್ಲಿ ನಿಂತು, ಮಣ್ಣು ಇಳಿಸಿ ಮುಂದೆ ಹೋಗಲಿ. ನಾವು ಹಾಗೆ ಮಾಡಿದ್ದೇವೆ. ಆ ಗದ್ದೆಯಲ್ಲಿ ಕೂತ ಗೋಡನ್ನು ಬೇಸಿಗೆಯಲ್ಲಿ ತೆಗೆದು ಅಡಿಕೆ ಬುಡಕ್ಕೇ ಹಾಕುತ್ತೇವೆ, ಹೊಸ ಮಣ್ಣು ಕೊಳ್ಳುವ ಖರ್ಚು ಉಳಿಯಿತು.

ಹೊಸನಗರ ತೋಟಿಗ:

ಜಲಲೆಕ್ಕದವರು ಹಿಂದೊಮ್ಮೆ ಹೇಳಿಕೊಟ್ಟಂತೆ ಪಿವಿಸಿ ಪೈಪಿನ ಗೇಣುದ್ದದ ತುಂಡನ್ನು ನೆಲಕ್ಕೆ ಸ್ವಲ್ಪ ಬಡಿದು, ಒಂದು ಚೊಂಬು ನೀರು ಹಾಕಿ, ಇಂಗುವ ಹೊತ್ತು ನೋಡಿದೆ. ಹಳೇ ಕಾಡಿನ ಬುಡದಲ್ಲಿ ನೀರು ಹುಯ್ಯುತ್ತಿದ್ದ ಹಾಗೇ ಇಳಿಯಿತು, ಗಡಿಯಾರ ನೋಡುವಷ್ಟೂ ಸಮಯ ಕೊಡಲಿಲ್ಲ. ಅಕೇಶಿಯಾ ಕೆಳಗೆ ನಿಧಾನ. ಲಾರಿ ಓಡಾಡಿದ ದಾರಿಯಲ್ಲಿ ಹಾಕಿದ ನೀರು, ನಾನು ಮನೆಗೆ ಹೋಗಿ ಕಾಫಿ ಕುಡಿದು ಬಂದರೂ ಪೈಪಿನೊಳಗೆ ಹಾಗೇ ಇತ್ತು. ಮೂರೂ ಜಾಗ ಒಂದೇ ಗುಡ್ಡದಲ್ಲಿ, ಕೂಗಿದರೆ ಕೇಳುವಷ್ಟು ಹತ್ತಿರ. ಗ್ರಾಮಸಭೆಯಲ್ಲಿ ಬಾಯಲ್ಲಿ ಹೇಳುವ ಬದಲು ಸದಸ್ಯರನ್ನೆಲ್ಲ ಕರೆದುಕೊಂಡು ಹೋಗಿ ಇದನ್ನೇ ತೋರಿಸಬೇಕು ಅಂತ ಇದ್ದೇನೆ. ಅಬ್ಬಿ ನೀರು ಅಳೆಯುವುದು ಹೇಗೆ, ಅದನ್ನೂ ಹೇಳಿ.

ಜಲಲೆಕ್ಕ:

ಸುಲಭ. ಪೈಪಿನ ಬಾಯಿಗೆ 20 ಲೀಟರ್ ಬಕೆಟ್ ಹಿಡಿದು ತುಂಬುವ ಸಮಯ ನೋಡಿ. 10 ಸೆಕೆಂಡಿಗೆ ತುಂಬಿದರೆ ಸೆಕೆಂಡಿಗೆ 2 ಲೀಟರ್, ದಿನಕ್ಕೆ ಸುಮಾರು 1 ಲಕ್ಷದ 73 ಸಾವಿರ ಲೀಟರ್. ದೀಪಾವಳಿಯಿಂದ ಶುರು ಮಾಡಿ ವಾರಕ್ಕೊಂದು ಸಲ ಬರೆದಿಟ್ಟರೆ ಇಳಿಯುವ ಗತಿ ಗೊತ್ತಾಗುತ್ತದೆ. ಮಳೆಗಾಲಕ್ಕೆ ಸಂಕದ ಕಂಬಕ್ಕೆ ಅಡಿ, ಅಂಗುಲ ಗುರುತು ಹಾಕಿ ನೀರಿನ ಮಟ್ಟ ಬರೆಯಿರಿ. ಜೋರು ಮಳೆಯ ದಿನ ಮಾತ್ರ ಗಂಟೆಗೊಮ್ಮೆ, ಹುಷಾರಾಗಿ, ದಡದಲ್ಲೇ ನಿಂತು.

ಶಿವಮೊಗ್ಗ ಪೇಟೆಯವಳು:

ಮಳೆ ಅಳೆಯಲು ಏನು ಬೇಕು? ನಮ್ಮ ಬೀದಿಯ ಶಾಲೆ ಮಕ್ಕಳ ಕೈಯಲ್ಲಿ ಮಾಡಿಸುವ ಆಸೆ ಇದೆ.

ಜಲಲೆಕ್ಕ:

ನೇರ ಗೋಡೆಯ ಡಬ್ಬಿ ಸಾಕು, ಮೇಲೆ ಕೆಳಗೆ ಒಂದೇ ಅಗಲ ಇರಬೇಕು. ಮರ, ಸೂರು ಇಲ್ಲದ ಬಯಲಲ್ಲಿ ಅಲುಗದ ಹಾಗೆ ಇಟ್ಟು, ಸ್ಕೇಲ್ ಇಳಿಸಿ ಮಿ.ಮೀ. ಓದಿದರಾಯಿತು. ಹವಾಮಾನ ಇಲಾಖೆಯವರ ಹಾಗೆ ಪ್ರತಿದಿನ ಬೆಳಿಗ್ಗೆ 8.30ಕ್ಕೇ ಓದಿಸಿ, ಆಗ ಮಕ್ಕಳ ಲೆಕ್ಕವನ್ನು ಇಲಾಖೆಯ ಲೆಕ್ಕದ ಪಕ್ಕ ಇಟ್ಟು ನೋಡಬಹುದು.